ಐದನೇ ಮನೆಯ ಅಕ್ಕಿ

ಶ್ರಾವಣದ ಶುಕ್ರವಾರ ಸಂಜೆ, ಹಿತ್ತಲ ಕಲ್ಲಿನ ಮೇಲೆ ಕೂತು ನಾಮದ ಚೊಂಬಿಗೆ ಹುಣಸೆಹಣ್ಣು ತಿಕ್ಕುತ್ತಿದ್ದೆ. ಮನೆಗೆಲಸಗಳಲ್ಲಿ ಮಾಡಿದ್ದು ಕಣ್ಣಿಗೆ ಕಾಣುವಂಥದ್ದು ಇದೊಂದೇ ಎಂದು ನನ್ನ ಅಭಿಪ್ರಾಯ. ಕಸ ಗುಡಿಸಿದರೆ ಗುಡಿಸಿದ್ದೀಯ ಎಂದು ಯಾರೂ ಹೇಳುವುದಿಲ್ಲ, ಗುಡಿಸದಿದ್ದರೆ ಮಾತ್ರ ಬಂದವರಿಗೆಲ್ಲ ಕಾಣುತ್ತದೆ. ಹಿತ್ತಾಳೆ ಚೊಂಬು ಹಾಗಲ್ಲ. ತಿಕ್ಕಿದಷ್ಟೂ ಮುಖ ಅರಳಿಸಿಕೊಂಡು, ನಮ್ಮ ಮುಖವನ್ನೂ ಅಗಲ ಮಾಡಿ ತೋರಿಸುತ್ತದೆ. ಶನಿವಾರ ಬೆಳಿಗ್ಗೆ ಅದಕ್ಕೆ ನಾಮ ಬಳಿದು, ತುಳಸಿ ಸುತ್ತಿ, ಐದು ಮನೆಗಳ ಬಾಗಿಲಲ್ಲಿ ನಿಂತು 'ಗೋವಿಂದಾ' ಎಂದು ಕೂಗಿ ಅಕ್ಕಿ ಬೇಡಿ ತಂದು, ಆ ಅಕ್ಕಿಯನ್ನೇ ಬೇಯಿಸಿ ವೆಂಕಟರಮಣನಿಗೆ ಎಡೆ ಮಾಡಬೇಕು. ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದ್ದರೂ ಶ್ರಾವಣದ ಶನಿವಾರ ನಮ್ಮ ಮನೆಯವರು ಭಿಕ್ಷುಕರೇ. ಇಷ್ಟು ವರ್ಷ ಯಜಮಾನರು ಹೋಗುತ್ತಿದ್ದರು. ಈ ಸಲ ಅವರ ಬಲಮಂಡಿ ಮುಷ್ಕರ ಹೂಡಿದ್ದರಿಂದ ಪಟ್ಟ ನನಗೆ ಬಂದಿತ್ತು.

ಮಂಡಿ ಎಳೆಯುತ್ತ ಅಂಗಡಿಯಿಂದ ಬಂದ ಯಜಮಾನರು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದರು. "ಮೇಲಿನ ಹುಡ್ಗಿ ಹೊರಟ್ಳಂತೆ ಕಣೇ."

"ಎಲ್ಗೆ, ಮಾರ್ಕೆಟ್ಗಾ?"

"ತೌರಿಗೆ. ಪೂರ್ತಿಯಾಗಿ. ಭಾನುವಾರ ಅವರಣ್ಣ ಕಾರ್ ತಗೊಂಡು ಬರ್ತಾನಂತೆ. ಡಾಕ್ಟ್ರು ಈಗ್ತಾನೆ ಅಂಗ್ಡಿಗೆ ಬಂದಿದ್ರು. ಒಂದ್ ತಟ್ಟೆ, ಒಂದ್ ಲೋಟ, ಒಂದ್ ಸಣ್ ಕುಕ್ಕರ್ ಕೊಡಿ ಅಂದ್ರು."

ನಮ್ಮದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟೀಲ್ ಪಾತ್ರೆ ಅಂಗಡಿ. ಜನರ ಸಂಸಾರದ ಸ್ಥಿತಿಗತಿ ಯಜಮಾನರಿಗೆ ಅವರು ಕೊಳ್ಳುವ ತಟ್ಟೆಯಲ್ಲೇ ತಿಳಿದುಬಿಡುತ್ತದೆ. ಮದುವೆಯಾಗಿ ಇನ್ನೂ ವರ್ಷ ತುಂಬದ ಗಂಡಸು ಬಂದು ಒಂದೇ ಒಂದು ತಟ್ಟೆ ಕೇಳಿದಾಗ ಅವರಿಗೆ ಅದನ್ನು ಕಾಗದದಲ್ಲಿ ಸುತ್ತಿಕೊಡುವುದಕ್ಕೂ ಮನಸ್ಸು ಬರಲಿಲ್ಲವಂತೆ. "ನಾಳೆ ಬನ್ನಿ ಡಾಕ್ಟ್ರೇ, ಸಣ್ ಸೈಜು ಸ್ಟಾಕಿಲ್ಲ" ಎಂದು ಸುಳ್ಳು ಹೇಳಿ ಕಳಿಸಿದ್ದರು.

ಡಾಕ್ಟರು ಎಂದರೆ ದನದ ಡಾಕ್ಟರು, ಪ್ರಶಾಂತ. ಅವನ ಹೆಂಡತಿ ಅಕ್ಷತಾ. ಇಬ್ಬರೂ ಕಾರ್ಕಳದ ಕಡೆಯವರು. ಮಳೆಗಾಲದ ಆರಂಭದಲ್ಲಿ ನಮ್ಮ ಮಹಡಿ ಮನೆಗೆ ಬಂದರು. ಬೆಳಕು ಹರಿಯುವ ಮೊದಲೇ ಯಾವುದೋ ಹಳ್ಳಿಯ ಹಸುವಿನ ಹೆರಿಗೆಗೆಂದು ಅವನು ಹೊರಟರೆ ದಿನವಿಡೀ ಹುಡುಗಿ ಒಬ್ಬಳೇ. ನನಗೋ, ಮಗಳನ್ನು ತೊಂಡೇಬಾವಿಗೆ ಕೊಟ್ಟ ಮೇಲೆ ತಲೆಯ ಮೇಲೆ ಕಾಲ್ಗೆಜ್ಜೆ ಸಪ್ಪಳ ಕೇಳಿಸಿದ್ದು ಇವಳು ಬಂದ ಮೇಲೆಯೇ. ಆ ಸಪ್ಪಳಕ್ಕೆ ನಾನು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ. ಕೇಳುತ್ತಿದ್ದೆನೇ ಹೊರತು, ಮೇಲೆ ಹತ್ತಿ ಹೋಗಿ ಮಾತಾಡಿಸಿದ್ದು ಕಡಿಮೆ.

"ಯಾಕಂತೆ? ಏನಾದ್ರೂ ಜಗಳಾನಾ?"

"ಜಗಳ ಎಲ್ಬಂತು, ಆ ಮನುಷ್ಯ ಹಸು ಜೊತೆಗೂ ಬಹುವಚನದಲ್ಲಿ ಮಾತಾಡ್ತಾನೆ. ಈ ಊರಲ್ಲಿ ತಿನ್ನೋಕೆ ನೋಡೋಕೆ ಏನೂ ಇಲ್ವಂತೆ. ಗೋಡೆ ನೋಡಿ ನೋಡಿ ಹುಚ್ಚು ಹಿಡೀತದೆ ಅಂದ್ಳಂತೆ. ನೀನಾದ್ರೂ ಒಂದ್ಸಲ ಊರು ತೋರಿಸ್ಬಾರ್ದಿತ್ತಾ?"

ಕೈ ತೊಳೆದು ಮಹಡಿ ಹತ್ತಿದೆ. ಅಕ್ಷತಾ ಕಿಟಕಿ ಮುಚ್ಚಿ, ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು ಬಟ್ಟೆ ಮಡಚುತ್ತಿದ್ದಳು.

"ನೆಗಡಿನೇನಮ್ಮ?" ಎಂದೆ.

"ಅಲ್ಲ ಆಂಟಿ, ವಾಸನೆ."

"ಯಾವ ವಾಸನೆ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. ಆಮೇಲೆ ನೆನಪಾಯಿತು. ನಮ್ಮ ಬೀದಿಯ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡುಗಳಿವೆ. ಮದುವೆಯಾಗಿ ಅಂಬಾಜಿದುರ್ಗದ ಬುಡದ ಹಳ್ಳಿಯಿಂದ ಬಂದಾಗ ನಾನೂ ಹೀಗೇ ಸೆರಗು ಮುಚ್ಚಿಕೊಂಡು ಓಡಾಡಿದ್ದೆ. ಮೂಗು ಯಾವತ್ತು ಈ ಊರಿನದಾಯಿತೋ ನನಗೇ ತಿಳಿಯದು.

"ನೋಡುವ ಜಾಗ ಅಂತ ಫೋನಲ್ಲಿ ಹುಡುಕಿದರೆ ಎಂತ ತೋರಿಸ್ತದೆ ಗೊತ್ತುಂಟಾ ಆಂಟಿ? ಒಂದು ಕಲ್ಯಾಣಮಂಟಪ, ಒಂದು ಎಟಿಎಂ, ಮತ್ತೆ ನಂದಿಬೆಟ್ಟ. ಬೆಟ್ಟಕ್ಕೆ ಭಾನುವಾರ ಹೋದೆವು. ಬೆಂಗಳೂರಿನವರ ಕಾರಿನ ಸಾಲು. ಮುಂದಿನ ಕಾರಿನ ಹಿಂಭಾಗ ನೋಡಿ, ಮಂಜು ನೋಡಿ, ವಾಪಸ್ಸು ಬಂದೆವು ಮಾರಾಯ್ರೆ. ನಾನಿಲ್ಲಿ ಎಂತ ಮಾಡುವುದು?" ಕೊನೆಯ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು.

ಅಳುವ ಹೆಣ್ಣುಮಗಳ ಮುಂದೆ ನನ್ನ ನಾಲಿಗೆ ನನ್ನ ಕೈಯಲ್ಲಿರುವುದಿಲ್ಲ. "ನಾಳೆ ನಾನು ತೋರಿಸ್ತೀನಿ ಬಾಮ್ಮ. ಊಟ, ತಿಂಡಿ, ಕಲೆ, ಮನರಂಜನೆ, ಎಲ್ಲಾ ಇದೆ ನಮ್ಮೂರಲ್ಲಿ. ನೋಡಿದ್ಮೇಲೂ ಬೇಡ ಅನ್ಸಿದ್ರೆ ಹೋಗೀವಂತೆ" ಎಂದುಬಿಟ್ಟೆ. ಅವಳು ಮೂಗಿನಿಂದ ದುಪಟ್ಟಾ ತೆಗೆದು ನಕ್ಕಳು. ಸದ್ಯ ನಕ್ಕಳಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ ಮೆಟ್ಟಿಲಿಳಿದೆ.

ಇಳಿಯುವಾಗ ಮೂರನೇ ಮೆಟ್ಟಿಲಿಗೇ ಗಾಬರಿ ಶುರುವಾಯಿತು. ಈ ಊರಲ್ಲಿ ಇಷ್ಟು ವರ್ಷ ಬಾಳಿದ ನಾನು ಇಲ್ಲಿನ ಒಂದು ಹೋಟೆಲಿನ ಒಳಗೂ ಕಾಲಿಟ್ಟವಳಲ್ಲ. ಹೊರಗೆ ತಿನ್ನುವ ಅಭ್ಯಾಸವಿಲ್ಲ. ನನ್ನ ಲೆಕ್ಕದಲ್ಲಿ ಊರಿನ ಊಟದ ಜಾಗಗಳೆಂದರೆ ಶನಿವಾರ ಆಂಜನೇಯನ ಗುಡಿಯ ಪುಳಿಯೋಗರೆ, ಸೋಮವಾರ ಈಶ್ವರನ ಗುಡಿಯ ಕಡಲೆ, ಸಂಕಷ್ಟಿಗೆ ಗಣೇಶನ ಮೋದಕ. ಎಲ್ಲವೂ ಅಂಗೈಯಲ್ಲಿ ಹಿಡಿಯುವಷ್ಟೇ. ನೋಡುವ ಜಾಗಗಳೂ ಇವೇ. ಮನರಂಜನೆಯೆಂದರೆ ಮಂಗಳಾರತಿಯ ಹೊತ್ತಿಗೆ ಹಿಂದಿನ ಸಾಲಿನ ಹೆಂಗಸರು ಆಡುವ ಮಾತು. ಇಷ್ಟನ್ನಿಟ್ಟುಕೊಂಡು ಯಾರನ್ನು ಊರಲ್ಲಿ ಉಳಿಸಲಿ?

"ರೀ, ಈ ಊರಲ್ಲಿ ದೋಸೆ ಎಲ್ಲಿ ಚೆನ್ನಾಗಿರತ್ತೆ?" ಎಂದು ಯಜಮಾನರನ್ನು ಕೇಳಿದೆ.

ಮಂಡಿಗೆ ಎಣ್ಣೆ ಹಚ್ಚುತ್ತಿದ್ದ ಮನುಷ್ಯ ತಲೆಯೆತ್ತಲಿಲ್ಲ. ಎಣ್ಣೆ ಕೈಯಲ್ಲೇ ದಿಕ್ಕು ತೋರಿಸುತ್ತ ಹೇಳತೊಡಗಿದರು. "ಬೆಣ್ಣೆ ದೋಸೆಗಾದ್ರೆ ಆಸ್ಪತ್ರೆ ರಸ್ತೆ. ತಟ್ಟೆ ಇಡ್ಲಿಗೆ ಸಂತೆ ಬೀದಿ, ಆದ್ರೆ ಒಂಬತ್ತರೊಳಗೆ ಹೋಗ್ಬೇಕು, ಆಮೇಲೆ ಚಟ್ನಿಗೆ ನೀರು ಬಿಡ್ತಾನೆ. ಮದ್ದೂರ್ ವಡೆಗೆ ಗೂಡಿನ ಮಾರ್ಕೆಟ್ ಹತ್ರ ತಳ್ಳೋಗಾಡಿ. ಉಡುಪಿ ಹೋಟ್ಲಲ್ಲಿ ಮೂಲೆ ಟೇಬಲ್ಲಿಗೆ ಕೂತ್ರೆ ಪಲ್ಯ ಜಾಸ್ತಿ ಹಾಕ್ತಾರೆ..." ಅಲ್ಲಿಗೆ ಅವರಿಗೆ ಎಚ್ಚರವಾಯಿತು. ಶ್ರಾವಣ, ಕಾರ್ತಿಕ, ಏಕಾದಶಿ ಒಂದನ್ನೂ ಬಿಡದೆ ನಾನು ಹಾಕಿದ ಉಪ್ಪಿಟ್ಟನ್ನು ಮುಂದಕ್ಕೆ ಸರಿಸಿ "ಯಾಕೋ ಹೊಟ್ಟೆ ಭಾರ ಕಣೇ" ಎನ್ನುತ್ತಿದ್ದ ಹೊಟ್ಟೆಯ ಭಾರವೆಲ್ಲ ಎಲ್ಲಿಂದ ಬರುತ್ತಿತ್ತೆಂದು ಅವತ್ತು ತಿಳಿಯಿತು. ಕೋಪ ಮಾಡಿಕೊಳ್ಳಲು ಪುರಸೊತ್ತಿರಲಿಲ್ಲ. ಗಂಡನ ಕಳ್ಳತನವೂ ಒಂದೊಂದು ಸಲ ಉಪಕಾರಕ್ಕೆ ಬರುತ್ತದಲ್ಲ ಎಂದು ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಶನಿವಾರ ಬೆಳಿಗ್ಗೆ ನಾನು ಮಡಿಯುಟ್ಟು ಹಣೆಗೆ ನಾಮ ಇಟ್ಟು ಚೊಂಬು ಹಿಡಿದು ನಿಂತರೆ, ಅಕ್ಷತಾ ನೀಲಿ ರೇಷ್ಮೆ ಚೂಡಿದಾರ ಹಾಕಿ, ತುಟಿಗೆ ಬಣ್ಣ ಹಚ್ಚಿ, ಫೋಟೋ ತೆಗೆಯಲು ಫೋನು ಹಿಡಿದು ಇಳಿದು ಬಂದಳು. ಊರು ತೋರಿಸುತ್ತೇನೆಂದು ಹೇಳಿದ್ದೆನೇ ಹೊರತು ದಾರಿಯಲ್ಲಿ ಅಕ್ಕಿ ಬೇಡುವ ವಿಷಯ ಹೇಳಿರಲಿಲ್ಲ. ನಮ್ಮ ಕಡೆ ಅದು ಹೇಳುವ ವಿಷಯವೇ ಅಲ್ಲ. ಶ್ರಾವಣದಲ್ಲಿ ನಾಮದ ಚೊಂಬು ಕಂಡರೆ ಮಕ್ಕಳೂ ಒಳಗೆ ಓಡಿ ಅಕ್ಕಿ ತರುತ್ತವೆ.

ಮೊದಲ ಮನೆ ಲಕ್ಷ್ಮೀದೇವಮ್ಮನವರದು. ಬಾಗಿಲಲ್ಲಿ ನಿಂತು ಚೊಂಬು ಚಾಚಿ, "ವೆಂಕಟರಮಣ ಗೋವಿಂದಾ... ಗೋವಿಂದ!" ಎಂದು ಕೂಗಿದೆ. ಅಕ್ಷತಾಳ ಮುಖ ಬಿಳುಚಿತು. ನನ್ನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಆಂಟಿ, ಎಂತ ಇದು? ನಂಗೆ ಹೇಳ್ಬಾರದಾ? ನಮ್ಮಲ್ಲಿ ಅಕ್ಕಿ ಉಂಟು! ಊರಿಂದ ತಂದ ಮೂಟೆ ಹಾಗೇ ಉಂಟು!"

"ಅಯ್ಯೋ ಮಗಳೇ, ಬಡತನಕ್ಕಲ್ಲಮ್ಮ, ದೇವರಿಗೆ" ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಲಕ್ಷ್ಮೀದೇವಮ್ಮನವರು ಮೊರದಲ್ಲಿ ಅಕ್ಕಿ ಹಿಡಿದು ಬಂದರು. ಅವರದು ಅರ್ಧ ಕನ್ನಡ, ಅರ್ಧ ತೆಲುಗು. "ರಾಮ್ಮಾ ಪದ್ಮಾ. ಎವರೇ ಈ ಪಿಲ್ಲ? ಬಂಗಾರದ ಬೊಂಬೆ ಥರ ಇದಾಳೆ!"

ಆ ಹೊತ್ತಿಗೆ ಒಳಗಿನಿಂದ ಹಾರ್ಮೋನಿಯಂ ಜೊತೆ ಗಂಡಸೊಬ್ಬರು ಗರ್ಜಿಸಿದ್ದು ಕೇಳಿಸಿತು. ಅಕ್ಷತಾ ಬೆಚ್ಚಿದಳು. ಲಕ್ಷ್ಮೀದೇವಮ್ಮನವರು ಸೋತ ದನಿಯಲ್ಲಿ, "ನಮ್ಮನೆಯೋರು. ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು. ದಸರಾಕ್ಕೆ ನಾಟ್ಕ ಕಣಮ್ಮ, ಈಗಿಂದಾನೇ ತಾಲೀಮು. ಬೆಳಗಾದ್ರೆ ಟೊಮೇಟೊ ಮಂಡಿಗೆ ಹೋಗೋ ಮನುಷ್ಯ, ನನ್ಹತ್ರ ಕಾಫೀನೂ ರಾಗವಾಗಿ ಕೇಳ್ತಾರೆ" ಎಂದರು.

ಅಕ್ಷತಾ ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟಳು. ನಡುಮನೆಯಲ್ಲಿ ಮುನಿಯಪ್ಪನವರು ಲುಂಗಿಯುಟ್ಟು, ಹೆಗಲ ಮೇಲೆ ತಗಡಿನ ಗದೆಯಿಟ್ಟು, ಒಂದೇ ಕಡೆ ಕಂಬದಂತೆ ನಿಂತು ಪದ್ಯ ಹೇಳುತ್ತಿದ್ದರು. ಮುಗಿಯುವವರೆಗೆ ಅವಳು ಸುಮ್ಮನೆ ಕೇಳಿದಳು. ಆಮೇಲೆ, "ರಾಗ ಭಾರಿ ಲಾಯ್ಕ ಉಂಟು ಅಂಕಲ್. ಆದ್ರೆ ರಾಜ ಹೀಗೆ ಬಸ್ಸಿಗೆ ಕಾದ ಹಾಗೆ ನಿಂತರೆ ಆಗುವುದಿಲ್ಲ. ನಮ್ಮ ಯಕ್ಷಗಾನದಲ್ಲಿ ರಾಜ ಬರುವುದೇ ಬೇರೆ" ಎಂದಳು.

"ಹೆಂಗೆ ಬರ್ತಾನೆ ತೋರ್ಸು ಮತ್ತೆ!" ಎಂದು ಮುನಿಯಪ್ಪನವರು ಗದೆ ಚಾಚಿದರು.

ತೋರಿಸಿದಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಗದೆ ಬೀಸಿ, ಒಂದು ಸುತ್ತು ತಿರುಗಿ, ಕಾಲು ಅಪ್ಪಳಿಸಿದಳು ನೋಡಿ, ಗೋಡೆಯ ಮೇಲಿನ ಕ್ಯಾಲೆಂಡರು ಕಳಚಿ ಬಿತ್ತು. ಹಾರ್ಮೋನಿಯಂ ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿ, "ಯಾರಪ್ಪಾ ಇದು, ಎಲ್ಲಿಟ್ಟಿದ್ರಿ ಇಷ್ಟು ದಿನ?" ಎಂದರು. ನಮ್ಮ ಮಹಡಿಯ ಮೇಲೆ, ಗೋಡೆ ನೋಡಿಕೊಂಡು ಎಂದು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು.

ಎರಡನೆಯ ಮನೆ ಶಮೀಮಳದು. ನಾನು ಹೊಸದಾಗಿ ಬಂದ ವರ್ಷ, ಈ ಊರಲ್ಲಿ ಮೊದಲು ನನ್ನ ಹೆಸರು ಕೇಳಿದವಳು ಅವಳು. ಅವರ ಮನೆಯ ಹಿಂದೆಯೇ ನೂಲು ತೆಗೆಯುವ ಶೆಡ್ಡು. ಪ್ರತಿ ಶ್ರಾವಣ ನಮ್ಮ ಮನೆಯ ಚೊಂಬಿಗೆಂದು ಬೇರೆ ಡಬ್ಬಿಯಲ್ಲಿ ಅಕ್ಕಿ ತೆಗೆದಿಡುತ್ತಾಳೆ. ದೇವರಿಗೆ ಆ ಅಕ್ಕಿ ಆಗಿಬರುತ್ತದೆಯೇ ಎಂದು ಹಿಂದೊಮ್ಮೆ ಯಾರೋ ಕೇಳಿದ್ದರು. ಇಷ್ಟು ವರ್ಷ ಉಂಡಿದ್ದಾನೆ, ಒಂದು ದಿನವೂ ಹೊಟ್ಟೆನೋವೆಂದು ಹೇಳಿಲ್ಲ ಎಂದಿದ್ದೆ.

"ಏನಕ್ಕಾ ಇಷ್ಟು ಲೇಟು? ನಿಮ್ ದೇವ್ರು ಹಸ್ಕೊಂಡಿರ್ತಾರೆ" ಎನ್ನುತ್ತ ಅಕ್ಕಿ ಸುರಿದ ಶಮೀಮ್, ಮೂಗು ಮುಚ್ಚಿಕೊಂಡ ಅಕ್ಷತಾಳನ್ನು ನೋಡಿದಳು. "ವಾಸ್ನೇನಾ ಬೇಟಾ? ಬಾ ಇಲ್ಲಿ. ವಾಸ್ನೆ ಎಲ್ಲಿಂದ ಬರ್ತದೆ ತೋರಿಸ್ತೀನಿ. ಅದ್ರ ಮುಖ ನೋಡಿದ್ರೆ ಅರ್ಧ ಸಿಟ್ಟು ಹೋಗ್ತದೆ."

ಶೆಡ್ಡಿನಲ್ಲಿ ಬಿಸಿನೀರಿನ ತೊಟ್ಟಿಗಳಲ್ಲಿ ಗೂಡುಗಳು ಕುಣಿಯುತ್ತಿದ್ದವು. ಶಮೀಮ್ ಕೈಯಾಡಿಸಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಹಿಡಿದಳು. ನಾಲ್ಕಾರು ಗೂಡುಗಳ ಎಳೆ ಸೇರಿಸಿ ಮೇಲಕ್ಕೆತ್ತಿದಾಗ ಅದು ಬಿಸಿಲಿಗೆ ಹೊನ್ನಿನ ಗೆರೆಯಾಯಿತು. "ನೀನು ಹಾಕ್ಕೊಂಡಿದೀಯಲ್ಲ, ಅದೂ ಹಿಂಗೇ ನಾತ ಹೊಡೀತಾ ಹುಟ್ಟಿದ್ದು" ಎಂದಳು. ಅಕ್ಷತಾ ತನ್ನ ನೀಲಿ ತೋಳನ್ನೊಮ್ಮೆ ಮೂಸಿ ನೋಡಿಕೊಂಡಳು. ಆಮೇಲೆ ಮೂಗು ಮುಚ್ಚುವ ಕೈಗೆ ಎಳೆ ಹಿಡಿಯುವ ಕೆಲಸ ಸಿಕ್ಕಿತು. ಹತ್ತು ಸಲ ಎಳೆ ಕಡಿದಳು. ಹತ್ತು ಸಲವೂ ಶಮೀಮ್ ಬೈದಳು. ಇಬ್ಬರೂ ನಗುತ್ತಿದ್ದರು. ನಾನು ಚೊಂಬು ಹಿಡಿದು ಬಿಸಿಲಲ್ಲಿ ನಿಂತಿದ್ದೆ.

ಮೂರನೆಯದು ಯಜಮಾನರು ಹೇಳಿದ ಉಡುಪಿ ಹೋಟೆಲು. ಮನೆ ಹಿಂದೆ, ಹೋಟೆಲು ಮುಂದೆ. ಬೋರ್ಡು ಕಂಡದ್ದೇ ಅಕ್ಷತಾ ಓಡಿಹೋಗಿ ಗಲ್ಲಾದಲ್ಲಿದ್ದ ಮನುಷ್ಯನ ಹತ್ತಿರ ಉಸಿರು ತೆಗೆದುಕೊಳ್ಳದೆ ತುಳುವಿನಲ್ಲಿ ಮಾತಾಡತೊಡಗಿದಳು. ಆತ ಬಾಯಿ ತೆರೆದು ಕೇಳಿ, ಮುಗಿದ ಮೇಲೆ, "ಅಮ್ಮಾ, ನಾವು ಚಿಂತಾಮಣಿಯೋರು. ಸಮುದ್ರ ಟೀವೀಲಿ ನೋಡಿರೋದು. ಈ ಬೋರ್ಡು ನಮ್ ತಾತ ಬರ್ಸಿದ್ದು. ಉಡುಪಿ ಅಂತಿದ್ರೆ ಜನ ಬರ್ತಾರೆ ಅಂತ ಯಾರೋ ಹೇಳಿದ್ರಂತೆ" ಎಂದ. ಅಕ್ಷತಾಳ ಮುಖ ಬಾಡಿದ್ದು ನೋಡಿ ಪಾಪ ಅವನಿಗೇ ಅಪರಾಧವಾದಂತಾಯಿತು. ಬೇಡ ಬೇಡವೆಂದರೂ ಮೂಲೆ ಟೇಬಲ್ಲಿಗೆ ಕೂರಿಸಿ ಮಸಾಲೆದೋಸೆ ತರಿಸಿದ. ಅವಳು ಒಂದು ತುತ್ತು ತಿಂದು, ತಲೆ ಆಡಿಸಿ, "ನಮ್ಮ ಊರಿನ ಹಾಗೆ ಇಲ್ಲವೇ ಇಲ್ಲ" ಎಂದಳು. ಎರಡನೆಯದನ್ನೂ ತರಿಸಿದಳು. ನಾನು ವ್ರತದವಳು, ಎದುರು ಕೂತು ಪರಿಮಳವನ್ನಷ್ಟೇ ಸೇವಿಸಿದೆ. ಗಲ್ಲಾದ ಮನುಷ್ಯ ಚೊಂಬಿಗೆ ಅಕ್ಕಿ ಹಾಕುತ್ತ, "ಪಾತ್ರೆ ಅಂಗ್ಡಿಯೋರ ಮನೆಯೋರಲ್ವಾ? ಯಜಮಾನ್ರಿಗೆ ಹುಷಾರಿಲ್ವಾ? ನಾಲ್ಕು ದಿನದಿಂದ ಕಾಣ್ಲಿಲ್ಲ" ಎಂದು ಕಾಳಜಿಯಿಂದ ವಿಚಾರಿಸಿದ.

ನಾಲ್ಕನೆಯದು ಪೂಜಾರರ ಮನೆ. ಅಲ್ಲಿ ಅಕ್ಕಿ ತೆಗೆದುಕೊಂಡು ಐದನೆಯದಕ್ಕೆ ಹೋದರೆ ಬೀಗ. ಮನೆಯವರೆಲ್ಲ ತಿರುಪತಿಗೆ ಹೋಗಿದ್ದರು. ಅದರ ಪಕ್ಕದಲ್ಲಿ ಸಾವು ಸಂಭವಿಸಿ ಮೈಲಿಗೆ. ಅದರಾಚೆ ಕೇಳೋಣವೆಂದರೆ ಹೊಸದಾಗಿ ಕಟ್ಟಿದ ಗೇಟು, ಗೇಟಿನೊಳಗೆ ನಾಯಿ. ಕರೆಗಂಟೆ ಎರಡು ಸಲ ಒತ್ತಿದೆ, ನಾಯಿಯ ಹೊರತು ಯಾರೂ ಉತ್ತರ ಕೊಡಲಿಲ್ಲ. ಹೊತ್ತು ನೆತ್ತಿಗೆ ಬರುತ್ತಿತ್ತು. ಮಧ್ಯಾಹ್ನದೊಳಗೆ ಎಡೆಯಾಗಬೇಕು. ನಾಲ್ಕು ಮನೆ ಅಕ್ಕಿಯಲ್ಲಿ ನಮ್ಮ ಮನೆಯಲ್ಲಿ ಯಾವತ್ತೂ ಎಡೆಯಾಗಿಲ್ಲ. ಯಜಮಾನರು ಇಷ್ಟು ವರ್ಷ ತಪ್ಪದೆ ನಡೆಸಿಕೊಂಡು ಬಂದದ್ದು ನನ್ನ ಮೊದಲ ಸರದಿಯಲ್ಲೇ ನಿಂತುಹೋಗುತ್ತದಲ್ಲ ಎಂದು ನಮ್ಮ ಮನೆ ಮುಂದೆ ಬಂದು ನಿಂತಾಗ ಕಣ್ಣು ಕತ್ತಲೆ ಬಂತು.

"ಒಂದು ಮನೆ ತಾನೆ ಆಂಟಿ ಬೇಕಾದ್ದು? ನಮ್ಮದು ಮನೆ ಅಲ್ವಾ?" ಎಂದಳು ಅಕ್ಷತಾ.

ನಾನು ಮಹಡಿ ನೋಡಿದೆ. ಬೇರೆ ಒಲೆ, ಬೇರೆ ಕರೆಂಟು ಮೀಟರು, ಬಾಗಿಲಿಗೆ ಬೇರೆ ರಂಗೋಲಿ. ಮನೆಯಲ್ಲದೆ ಇನ್ನೇನು? "ಹೌದಲ್ಲಮ್ಮ!" ಎಂದೆ. ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಓಡಿದಳು. ನಾನು ನನ್ನದೇ ಮೆಟ್ಟಿಲು ಹತ್ತಿ, ನನ್ನದೇ ಬಾಡಿಗೆದಾರಳ ಬಾಗಿಲಲ್ಲಿ ನಿಂತು, ಚೊಂಬು ಚಾಚಿ ಗೋವಿಂದನನ್ನು ಕೂಗಿದೆ. ಅವತ್ತು ಕೂಗಿದ ಐದರಲ್ಲಿ ಅದೇ ಗಟ್ಟಿಯಾದದ್ದು. ಅವಳು ಸ್ಟೀಲಿನ ಪಾತ್ರೆ ತುಂಬ ಅಕ್ಕಿ ತಂದು, ನಾನು "ಸಾಕು ಸಾಕು" ಎನ್ನುವುದರೊಳಗೆ ಅಷ್ಟನ್ನೂ ಸುರಿದಳು. ಚೊಂಬು ತುಂಬಿ ನನ್ನ ಸೆರಗಿಗೂ ಬಂತು. "ಈ ಊರಲ್ಲಿ ನನ್ನ ಮನೆಗೆ ಯಾರೂ ಎಂತದೂ ಕೇಳಿಕೊಂಡು ಬಂದದ್ದಿಲ್ಲ ಆಂಟಿ" ಎಂದಳು. ಅಕ್ಕಿ ನೋಡಿಕೊಳ್ಳದೆ ಇಳಿದು ಬಂದೆ.

ನೋಡಿಕೊಳ್ಳಬೇಕಿತ್ತು. ಅದು ಕರಾವಳಿಯ ಕೆಂಪು ಕುಚ್ಚಲಕ್ಕಿ. ನಮ್ಮ ಸೋನಾ ಮಸೂರಿ ಎರಡು ಕುದಿಗೆ ಅರಳಿದರೆ, ಇದು ಕುದಿಯುವ ನೀರಲ್ಲೂ ನಿದ್ದೆ ಮಾಡುತ್ತದೆ. ಐದು ಮನೆಯ ಅಕ್ಕಿ ಒಮ್ಮೆ ಬೆರೆತ ಮೇಲೆ ಆರಿಸಿ ಬೇರೆ ಮಾಡುವ ಹಾಗಿಲ್ಲ. ಇಳಿಸೋಣವೆಂದರೆ ಕೆಂಪಕ್ಕಿ ಕಲ್ಲು, ಬಿಡೋಣವೆಂದರೆ ಬಿಳಿಯಕ್ಕಿ ಗಂಜಿ. ಯಜಮಾನರು ಅಡಿಗೆಮನೆಗೆ ಇಣುಕಿ, "ಇದೇನೇ, ಪೊಂಗಲ್ಲೋ, ರಸ್ತೆಗೆ ಹಾಕೋ ಜಲ್ಲಿನೋ?" ಎಂದರು. ಉಡುಪಿ ಹೋಟೆಲಿನವರು ಅವರ ಆರೋಗ್ಯ ವಿಚಾರಿಸಿದ ಸಂಗತಿ ತಿಳಿಸಿದೆ. ಮತ್ತೆ ಇಣುಕಲಿಲ್ಲ.

ಕೊನೆಗೆ ಅಕ್ಷತಾಳೇ ಬಂದು, ಇನ್ನಷ್ಟು ನೀರು ಹೊಯ್ದು, ಸೌಟು ಕಿತ್ತುಕೊಂಡು, "ಇದಕ್ಕೆ ತಾಳ್ಮೆ ಬೇಕು ಆಂಟಿ" ಎಂದು ಒಲೆ ಮುಂದೆ ನಿಂತಳು. ತಿರುಪತಿಯವನಿಗೆ ಅವತ್ತು ಕಾರ್ಕಳದ ಗಂಜಿ ಎಡೆಯಾಯಿತು, ಹೊತ್ತಿಗೆ ಸರಿಯಾಗಿಯೇ. ತುಪ್ಪ, ಬೆಲ್ಲ, ಅವಳು ತಂದ ಮಿಡಿ ಉಪ್ಪಿನಕಾಯಿ. ಯಜಮಾನರು ಮೂರು ಸಲ ಹಾಕಿಸಿಕೊಂಡರು, ಹೊಟ್ಟೆ ಭಾರದ ಮಾತೆತ್ತಲಿಲ್ಲ. ಪ್ರಸಾದವನ್ನು ಅಕ್ಕಿ ಕೊಟ್ಟ ಮನೆಗಳಿಗೆಲ್ಲ ಅಕ್ಷತಾಳೇ ಹಂಚಿ ಬಂದಳು. ಶಮೀಮ್ ಅಂತೂ, "ಅಕ್ಕನಿಗೆ ಹೇಳು, ಸೂಪರ್ ಆಗಿದೆ, ಥೇಟ್ ಹಲೀಮ್ ಥರ" ಎಂದು ಹೇಳಿ ಕಳಿಸಿದ್ದಳು. ಹಲೀಮ್ ಎಂದರೇನೆಂದು ಅಕ್ಷತಾಳನ್ನು ಕೇಳಿದೆ. ಮಾಂಸ ಹಾಕಿ ಬೇಯಿಸುವ ಗಂಜಿಯಂತೆ. ಕೇಳಬಾರದಿತ್ತು.

ಹಂಚಲು ಹೋದವಳು ಬಂದದ್ದು ಕತ್ತಲಾದ ಮೇಲೆಯೇ. ಶಮೀಮ್ ಅವಳನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿದ್ದಳಂತೆ. ಅವಳಿನ್ನೂ ಬಂದಿರದ ಹೊತ್ತಿನಲ್ಲಿ ಕೆಳಗೆ ಬಂದ ಪ್ರಶಾಂತ, "ತಟ್ಟೆ ಸ್ಟಾಕ್ ಬಂತಾ ಸರ್?" ಎಂದು ಕೇಳಿದ. ಯಜಮಾನರು ನನ್ನ ಮುಖ ನೋಡಿದರು. "ನಾಳೆ ನೋಡಣ ಡಾಕ್ಟ್ರೇ" ಎಂದರು. ನಾನು ದೇವರ ಮುಂದೆ ಇನ್ನೊಂದು ಬತ್ತಿ ಹೊಸೆದು ಹಾಕಿದೆ.

ಭಾನುವಾರ ಹೇಳಿದ ಹಾಗೇ ಅಣ್ಣ ಕಾರು ತಂದ. ಘಾಟಿ ಹತ್ತಿ ಬಂದ ಆಯಾಸದಲ್ಲಿ ಕೆಳಗಿನಿಂದಲೇ, "ಬ್ಯಾಗು ತೆಗೆದುಕೊಂಡು ಬಾ, ಮಧ್ಯಾಹ್ನದೊಳಗೆ ಹೊರಡುವುದು" ಎಂದ. ಅಕ್ಷತಾ ಬರಿಗೈಯಲ್ಲಿ ಇಳಿದು ಬಂದಳು.

"ಇವತ್ತು ಆಗುವುದಿಲ್ಲ ಅಣ್ಣ. ಸಂಜೆ ತಾಲೀಮು ಉಂಟು."

"ಎಂತ ತಾಲೀಮು?"

"ರಾಜನಿಗೆ ನಡೆಯಲಿಕ್ಕೆ ಬರುವುದಿಲ್ಲ. ಕಲಿಸಬೇಕು."

"ಹಾಗಾದರೆ ನಾಳೆ ಹೊರಡುವ."

"ನಾಳೆಯೂ ಆಗುವುದಿಲ್ಲ. ಬರುವ ಶನಿವಾರ ಆಂಟಿ ಅಕ್ಕಿ ಬೇಡ್ಲಿಕ್ಕೆ ಬರ್ತಾರೆ. ನಾನು ಇಲ್ಲದಿದ್ದರೆ ಮನೆ ಕಮ್ಮಿಯಾಗ್ತದೆ."

ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಕ್ಕಿ ಬೇಡುವ ಮನೆ ಮಾಲೀಕರ ಬಗ್ಗೆ ಅವನಿಗೆ ಏನನ್ನಿಸಿತೋ, ನನ್ನ ಕಿವಿಯ ಓಲೆಯನ್ನೂ ಎರಡು ಸಲ ನೋಡಿದ. ಮೆಟ್ಟಿಲ ಮೇಲೆ ನಿಂತಿದ್ದ ಪ್ರಶಾಂತ, ಯಾವುದೋ ಹಸು ಸುಖವಾಗಿ ಕರು ಹಾಕಿದವನಂತೆ ಮುಖವೆಲ್ಲ ನಕ್ಕ.

"ಸರಿ ಮಾರಾಯ್ತಿ. ಅಷ್ಟು ದೂರದಿಂದ ಬಂದದ್ದಕ್ಕೆ ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಆಂಟಿ?" ಎಂದು ಅಣ್ಣ ನನ್ನನ್ನೇ ಕೇಳಿದ.

ಊರಿನ ಹಳಬಳೆಂಬ ಗತ್ತಿನಲ್ಲಿ ನಾನು ಬಾಯಿ ತೆರೆದೆ. ಆಂಜನೇಯನ ಗುಡಿ ಎನ್ನುವಷ್ಟರಲ್ಲಿ ಅಕ್ಷತಾ ಶುರುಮಾಡಿದಳು. ಕೆರೆ ಕಟ್ಟೆಯ ಮೇಲೆ ಸಂಜೆ ಹಕ್ಕಿ ಬಂದು ಇಳಿಯುವ ಜಾಗವಂತೆ, ಗೂಡಿನ ಮಾರ್ಕೆಟ್ಟಿನ ಹರಾಜು ನೋಡುವುದೇ ಒಂದು ಆಟವಂತೆ, ಹಳೇ ಬೀದಿಯಲ್ಲಿ ಯಾರೋ ಅಜ್ಜಿ ಮಾಡುವ ಖಾರದ ಪುರಿಯಂತೆ, ಯಾರದೋ ತೋಟದ ಬಾವಿಯಂತೆ. ಒಂದನ್ನೂ ನಾನು ಕೇಳಿರಲಿಲ್ಲ. ಅಣ್ಣ ನನ್ನ ಕಡೆ ತಿರುಗಿದಾಗ, ಎಲ್ಲ ಗೊತ್ತಿರುವವಳಂತೆ ತಲೆಯಾಡಿಸಿದೆ.

ಅವಳು ಬಿಡಲಿಲ್ಲ. "ನೀವೂ ಬನ್ನಿ ಆಂಟಿ. ಪಾಪ, ನೀವು ಇಲ್ಲಿ ಎಂತದೂ ನೋಡಿಲ್ಲ ಅಲ್ವಾ? ನಾನು ತೋರಿಸ್ತೇನೆ. ಹೆದರ್ಬೇಡಿ, ನಿಧಾನಕ್ಕೆ ಅಭ್ಯಾಸ ಆಗ್ತದೆ" ಎಂದಳು. ಒಳಗಿನಿಂದ ಯಜಮಾನರು ಕೆಮ್ಮಿದ ಸದ್ದು ಕೇಳಿಸಿತು. ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

ಊಟ ಮಾಡಿಕೊಂಡೇ ಹೊರಡೋಣ ಎಂದೆ. ಅಣ್ಣ ಸೇರಿ ಐದು ಎಲೆಯಾಗುತ್ತಿತ್ತು. ಎಲೆ ಹೆಚ್ಚಾಗುವುದಕ್ಕಿಂತ ದೊಡ್ಡ ದಯೆ ಇನ್ನೇನು ಬೇಡಲಿ? ಸೆರಗು ಸಿಕ್ಕಿಸಿ, ಮೊರ ಎಳೆದುಕೊಂಡು, ಹುರುಳಿಕಾಯಿಯ ನಾರು ತೆಗೆಯಲು ಕೂತೆ.